ಜನರೇಟರಿಗೆ ಎಣ್ಣೆನೀರು ಹಾಕಿದ ಬೋರಲಿಂಗ

ಹೂಂ ಅನ್ನೋರು ಒಬ್ಬರಾದರೂ ಇದ್ದರೆ ಹೇಳ್ತೀನಿ. ಇಲ್ಲದಿದ್ದರೆ ನನ್ನ ಬಾಯಿಗ್ಯಾಕೆ ಕೆಲಸ? ಹೂಂ ಅಂದ್ರಾ? ಸರಿ, ಕೇಳಿ ಹಾಗಾದರೆ.

ಮಾರಗೌಡನಕೊಪ್ಪಲು ಅಂತ ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಗಂಡ ತೀರಿಕೊಂಡಿದ್ದ. ಇದ್ದವನು ಒಬ್ಬನೇ ಮಗ, ಬೋರಲಿಂಗ. ವಯಸ್ಸು ಇಪ್ಪತ್ತಾರು. ಭತ್ತದ ಮೂಟೆಯನ್ನು ಎಡಗೈಲಿ ಎತ್ತಿ ಬಲಗೈಗೆ ಕೊಡುವಷ್ಟು ಶಕ್ತಿ. ಮನಸ್ಸೋ, ಹಾಲು. ಅವ್ವ ಹೇಳಿದ ಮಾತು ಒಂದು ದಿನವೂ ಮೀರಿದವನಲ್ಲ.

ತೊಂದರೆ ಬಂದದ್ದೇ ಅಲ್ಲಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಹಾಲು ಉಕ್ತದೆ, ನೋಡ್ತಿರು" ಅಂದರೆ ಒಲೆ ಮುಂದೆ ಕೂತು ನೋಡುತ್ತಿದ್ದ. ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಖಾಲಿ ಆಗುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆಮೇಲೆ ಎದ್ದು ಬಂದು, "ಉಕ್ತು ಕಣವ್ವ, ಭಾಳ ಚೆನ್ನಾಗಿತ್ತು" ಅನ್ನುತ್ತಿದ್ದ. ಇಂಥ ಮಗನನ್ನು ಕಟ್ಟಿಕೊಂಡು ನಿಂಗಾಜಮ್ಮನ ತಲೆಕೂದಲು ಅರ್ಧ ಬೆಳ್ಳಗಾಗಿತ್ತು. ಉಳಿದರ್ಧ ಬೆಳ್ಳಗಾದ ಕತೆಯೇ ಇದು.

ನಿಂಗಾಜಮ್ಮನ ಮನೆಯಲ್ಲಿ ಒಂದು ಕಾವಿನ ಪೆಟ್ಟಿಗೆ ಇತ್ತು. ಕೋಳಿ ಕೂರಿಸೋದು ಬೇಡ, ಕರೆಂಟೇ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ. ಊರಿನ ಇಪ್ಪತ್ತು ಮನೆಯ ಹೆಂಗಸರು ತಮ್ಮ ನಾಟಿಕೋಳಿ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವಳ ಕೈಗೆ ಕೊಟ್ಟಿದ್ದರು. ಒಟ್ಟು ಇನ್ನೂರ ನಲವತ್ತು ಮೊಟ್ಟೆ. ಮರಿಯಾದರೆ ಅರ್ಧ ಅವರಿಗೆ, ಅರ್ಧ ನಿಂಗಾಜಮ್ಮನಿಗೆ. ಆಗದೆ ಹೋದರೆ? ಇಪ್ಪತ್ತು ಮನೆಯ ಹೆಂಗಸರ ಬಾಯಿಗೆ ಬಿದ್ದು ಆ ಊರಲ್ಲಿ ಬಾಳುವುದುಂಟೇ!

ಇಪ್ಪತ್ತೊಂದು ದಿನ ಕಾವು ಬೇಕು. ಹನ್ನೊಂದು ದಿನ ಚೆನ್ನಾಗಿ ನಡೆಯಿತು. ಹನ್ನೆರಡನೇ ದಿನ ಕರೆಂಟಿನ ಆಟ ಶುರುವಾಯಿತು ನೋಡಿ. ಬೆಳಿಗ್ಗೆ ಹೋಯಿತು, ಮಧ್ಯಾಹ್ನ ಬಂತು. ಬಂದದ್ದು ಕಾಫಿ ಕುಡಿಯುವಷ್ಟರಲ್ಲಿ ಮತ್ತೆ ಹೋಯಿತು. ನಿಂಗಾಜಮ್ಮ ಪೆಟ್ಟಿಗೆಗೆ ಕಂಬಳಿ ಹೊದಿಸಿದಳು, ಬಾಟಲಿಗಳಲ್ಲಿ ಬಿಸಿನೀರು ತುಂಬಿ ಒಳಗಿಟ್ಟಳು, ಅಯ್ಯೋ ಅಯ್ಯೋ ಅಂದಳು. ಕೊನೆಗೆ ಪೇಟೆಯಲ್ಲಿ ಜನರೇಟರ್ ಅಂಗಡಿ ಇಟ್ಟಿದ್ದ ಬಾಬಾಜಾನನಿಗೆ ಫೋನು ಮಾಡಿದಳು.

"ಒಂದು ಜನರೇಟರ್ ಹಾಕಿಸ್ಕೊಳಿ ಅಮ್ಮ, ನಿಶ್ಚಿಂತೆ" ಅಂದ ಬಾಬಾಜಾನ್. "ಮೊದ್ಲು ನಿಮ್ಮ ಮನೆ ಲೋಡು ಎಷ್ಟೈತೆ ನೋಡಿ ಹೇಳಿ. ಅದಕ್ಕೆ ತಕ್ಕಂಗೆ ಕೊಡ್ತೀನಿ."

ನಿಂಗಾಜಮ್ಮ ಮಗನನ್ನು ಕರೆದಳು. "ನಾನು ಮಿಲ್ಲಿಗೆ ಹೋಗಿ ರಾಗಿ ಬೀಸಿಸ್ಕೊಂಡು ಬತ್ತೀನಿ. ಅಷ್ಟರಲ್ಲಿ ಮನೆ ಲೋಡು ಎಷ್ಟೈತೆ ಅಂತ ನೋಡಿಟ್ಟಿರು ಮಗ. ಕಾವಿನ ಪೆಟ್ಟಿಗೆ ಮಾತ್ರ ಮುಟ್ಟಬೇಡ!"

"ಆಗ್ಲಿ ಕಣವ್ವ!"

ರಾಗಿ ಹಿಟ್ಟು ಹೊತ್ತು ನಿಂಗಾಜಮ್ಮ ಮನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟಳು. ಹಿಟ್ಟಿನ ಡಬ್ಬ ಧೊಪ್ಪಂತ ಕೈಜಾರಿತು.

ಮಂಚ ಇಲ್ಲ! ಬೀರು ಇಲ್ಲ! ರುಬ್ಬುವ ಗುಂಡು ಇಲ್ಲ! ಪಾತ್ರೆ ಇಲ್ಲ, ಪಡಗ ಇಲ್ಲ, ಗೋಡೆ ಮೇಲಿನ ದೇವರ ಪಟವೂ ಇಲ್ಲ! ಬರೀ ಗೋಡೆ, ಬರೀ ನೆಲ, ಮೂಲೆಯಲ್ಲಿ ಕಾವಿನ ಪೆಟ್ಟಿಗೆ.

"ಕಳ್ಳರು! ಹಾಡಹಗಲೇ ಕಳ್ಳರು ಬಿದ್ದವ್ರೆ! ಬನ್ರಪ್ಪೋ!"

ಪಕ್ಕದ ಮನೆ ಸಿದ್ದೇವಮ್ಮ ಓಡಿಬಂದಳು. "ಕಳ್ಳರೆಲ್ಲಿ ಬಂದ್ರು ಅಕ್ಕಯ್ಯ? ನಿನ್ ಮಗನೇ ಎತ್ತಿನ ಗಾಡಿಗೆ ತುಂಬ್ಕೊಂಡು ಹೋದ. ಮನೆ ಖಾಲಿ ಮಾಡ್ತಿದೀರೇನೋ, ಒಂದು ಮಾತು ಹೇಳಲಿಲ್ವಲ್ಲ ಅಂತ ನಾನು ಬ್ಯಾಸರ ಮಾಡ್ಕೊಂಡು ಕೂತಿದ್ದೆ!"

ಅಷ್ಟರಲ್ಲಿ ಗಾಡಿ ಗಡಗಡ ಬಂತು. ಮೇಲೆ ಮಂಚ, ಮಂಚದ ಮೇಲೆ ಬೀರು, ಬೀರುವಿನ ಮೇಲೆ ದೇವರ ಪಟ ತಬ್ಬಿಕೊಂಡು ಬೋರಲಿಂಗ.

"ಹನ್ನೊಂದು ಕ್ವಿಂಟಾಲ್ ನಲವತ್ತು ಕೆಜಿ ಕಣವ್ವ!" ಅಂತ ಅಲ್ಲಿಂದಲೇ ಕೂಗಿದ. "ಕಬ್ಬಿನ ಗಾಡಿ ತೂಗೋ ವೇಬ್ರಿಡ್ಜಲ್ಲಿ ತೂಗಿಸ್ದೆ. ಮನೆ ಲೋಡು ಪೂರ್ತಿ ಬಂತು. ನಿನ್ನೊಬ್ಬಳ ತೂಕ ಬಿಟ್ಟೋಯ್ತು. ಬಾ, ಗಾಡಿ ಹತ್ತು!"

ನಿಂಗಾಜಮ್ಮ ತಲೆ ಮೇಲೆ ಕೈಹೊತ್ತು ಬರಿನೆಲದ ಮೇಲೆ ಕೂತಳು. "ಲೋಡು ಅಂದ್ರೆ ಗಾಡಿ ಲೋಡಲ್ಲ ಕಣ್ಲಾ! ಎಷ್ಟು ಬಲ್ಬು, ಎಷ್ಟು ಫ್ಯಾನು, ಎಷ್ಟು ಕರೆಂಟು ಎಳೀತವೆ ಅಂತ!"

"ನೀನ್ ಹೇಳ್ದಂಗೇ ಮಾಡ್ದೆ ಕಣವ್ವ."

"ಇನ್ಮೇಲೆ ಯಾವ ಸಾಮಾನನ್ನೂ ಇದ್ದ ಜಾಗದಿಂದ ಅಲ್ಲಾಡಿಸ್ಬೇಡ! ಏನಿದ್ರೂ ಒಂದು ಚೀಟೀಲಿ ಬರ್ಕೊಂಡು ಬಾ, ಸಾಕು!"

"ಆಗ್ಲಿ ಕಣವ್ವ!"

ನಿಂಗಾಜಮ್ಮ ತಾನೇ ಕೂತು ಲೆಕ್ಕ ಹಾಕಿದಳು. ಕಾವಿನ ಪೆಟ್ಟಿಗೆ ಒಂದು, ಬಲ್ಬು ನಾಲ್ಕು, ಫ್ಯಾನು ಒಂದು, ಟೀವಿ ಒಂದು. ಬಾಬಾಜಾನ್ ಫೋನಿನಲ್ಲಿ, "ಎರಡು ಕೆವಿಎ ಶಕ್ತಿದು ಸಾಕಮ್ಮ, ಪೆಟ್ರೋಲಿಂದು. ಮಗನ್ನ ಕಳ್ಸಿ, ಆರಿಸ್ಕೊಂಡು ತಗೊಳ್ಲಿ" ಅಂದ.

ಮಾರನೇ ದಿನ ಬೆಳಿಗ್ಗೆ ಮಗನಿಗೆ ದುಡ್ಡು ಕೊಟ್ಟು, "ಸದ್ದು ಕಮ್ಮಿ ಮಾಡೋದು ನೋಡಿ ತಗೋ" ಅಂತ ಹೇಳಿ ಕಳಿಸಿದಳು.

ಬೋರಲಿಂಗ ಅಂಗಡಿಗೆ ಹೋದ. ಸಾಲಾಗಿ ಒಂಬತ್ತು ಜನರೇಟರ್ ನಿಂತಿದ್ದವು. ಒಂದೊಂದಕ್ಕೂ ಕಿವಿಯಿಟ್ಟು ಕೇಳಿದ. ಕೇಳಿ ಕೇಳಿ ತಲೆದೂಗಿದ. "ಬಾಬಾಜಾನಣ್ಣ, ಒಂದೂ ಕಿಕ್ಕ್ ಅನ್ನಲ್ವಲ್ಲ! ಎಲ್ಲಾ ಭಾಳ ಒಳ್ಳೇವು. ಯಾವ್ದಾದ್ರೂ ಕೊಡು!" ಬಾಬಾಜಾನ್ ನಕ್ಕು, ಒಳ್ಳೆಯ ಒಂದು ಕೆಂಪು ಜನರೇಟರ್ ಆರಿಸಿಕೊಟ್ಟ. ಹಿಡಿ ಇತ್ತು, ಗಾಲಿ ಇತ್ತು. ಅವನು ದುಡ್ಡು ತಗೊಂಡು ರಸೀತಿ ಬರೆದು ತಲೆಯೆತ್ತಿ ನೋಡುವಷ್ಟರಲ್ಲಿ ಬೋರಲಿಂಗ ಇಲ್ಲ. ಜನರೇಟರ್ ಮಾತ್ರ ಅಲ್ಲೇ ಇತ್ತು.

ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ. ನಿಂಗಾಜಮ್ಮನಿಗೆ ಒಲೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಒಲೆಗೆ ಬಿಸಿನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ಮಗ ಕೈಬೀಸಿಕೊಂಡು ಬಂದ.

"ಎಲ್ಲೋ ಜನರೇಟ್ರು?"

ಬೋರಲಿಂಗ ಜೇಬಿನಿಂದ ಒಂದು ಚೀಟಿ ತೆಗೆದ. ಕಾವಿನ ಪೆಟ್ಟಿಗೆ ಮೇಲಿನ ಗೋಡೆಗೆ ಅನ್ನದಗುಳು ಹಚ್ಚಿ ಅಂಟಿಸಿದ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಜನರೇಟರ್. ಎರಡು ಕೆವಿಎ. ಬಣ್ಣ ಕೆಂಪು.

"ಬರ್ಕೊಂಡು ಬಂದಿದೀನಿ ಕಣವ್ವ. ಒಂದಕ್ಷರ ತಪ್ಪಿಲ್ಲ. ಇನ್ನು ಹಚ್ಚು!"

ನಿಂಗಾಜಮ್ಮನ ಬಾಯಿ ತೆರೆಯಿತು. ಮುಚ್ಚಲಿಲ್ಲ. "ದುಡ್ಡು?"

"ಕೊಟ್ಟೆ."

"ಮಿಷೀನು?"

"ಅಂಗಡೀಲೇ ಬಿಟ್ಟೆ. ನೀನೇ ತಾನೆ ಇದ್ದ ಜಾಗದಿಂದ ಅಲ್ಲಾಡಿಸ್ಬೇಡ ಅಂದೆ?"

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಪುಣ್ಯಾತ್ಮ! ಕೊಂಡಿದ್ದನ್ನ ಮನೆಗೆ ತರಬೇಕು ಕಣ್ಲಾ! ಎಳೆಕೂಸನ್ನ ತಂದಂಗೆ ಎದೆಗವಚಿಕೊಂಡು ಜೋಪಾನವಾಗಿ ತರಬೇಕು! ಕೂಸನ್ನ ನೋಡ್ಕೊಂಡಂಗೆ ನೋಡ್ಕೋಬೇಕು!"

"ಆಗ್ಲಿ ಕಣವ್ವ!"

ಮಾರನೇ ದಿನ ಹೋದ. ಗಾಲಿಯಿದ್ದ ಜನರೇಟರನ್ನು ಗಾಲಿಯ ಮೇಲೆ ಉರುಳಿಸದೆ ಎತ್ತಿ ಎದೆಗವಚಿಕೊಂಡ. ನಲವತ್ತು ಕೆಜಿ! ಅವನಿಗದು ಯಾವ ಲೆಕ್ಕ? ಅವ್ವನ ಶಾಲು ಸುತ್ತಿದ, ಗಾಳಿ ತಾಕದ ಹಾಗೆ ಮುಸುಕೆಳೆದ, ಬಸ್ಸು ಹತ್ತಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಹೆಂಗಸು ನೋಡಿ, "ಪಾಪ, ಕೂಸು ಎತ್ಕೊಂಡವನೆ" ಅಂತ ಎದ್ದು ಸೀಟು ಬಿಟ್ಟುಕೊಟ್ಟಳು.

"ಒಳ್ಳೇ ಮೈ ತುಂಬ್ಕೊಂಡದೆ! ಗಂಡೋ ಹೆಣ್ಣೋ?"

"ಎರಡು ಕೆವಿಎ" ಅಂದ ಬೋರಲಿಂಗ.

ಆಯಮ್ಮ ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.

ಅವನು ಮನೆಗೆ ಬಂದಾಗ ನಿಂಗಾಜಮ್ಮ ಸಿದ್ದೇವಮ್ಮನ ಮನೆಗೆ ಸೌದೆ ಕೇಳಲು ಹೋಗಿದ್ದಳು. ತಿರುಗಿ ಬರುತ್ತಾಳೆ, ಬಚ್ಚಲಿನಿಂದ ಹೊಗೆ! ಹೊಗೆಯ ಜೊತೆ ಸಾಂಬ್ರಾಣಿ ವಾಸನೆ! ಅದರ ಜೊತೆ ಮಗನ ಗಂಟಲು, "ಜೋಜೋ ಜೋಜೋ"! ಬಾಗಿಲು ದಬ್ಬಿ ನೋಡಿದಳು.

ಬೋರಲಿಂಗ ಎರಡೂ ಕಾಲು ನೀಡಿ ಕೂತಿದ್ದ. ಕಾಲ ಮೇಲೆ ಜನರೇಟರ್ ಮಲಗಿತ್ತು. ಮೈತುಂಬ ಹರಳೆಣ್ಣೆ. ತಲೆಗೆ ಸೀಗೇಪುಡಿ. ಬೋರಲಿಂಗ ತಂಬಿಗೆಯಿಂದ ಬಿಸಿನೀರು ಹುಯ್ಯುತ್ತಿದ್ದ, ತಿಕ್ಕುತ್ತಿದ್ದ, ಮತ್ತೆ ಹುಯ್ಯುತ್ತಿದ್ದ. ಪೆಟ್ರೋಲು ಟ್ಯಾಂಕಿನ ಪಕ್ಕದಲ್ಲಿ ಒಂದು ಕಾಡಿಗೆ ಬೊಟ್ಟು.

"ಏನ್ಲಾ ಇದೂ!" ಅಂತ ಅವಳು ಕಿರುಚಿದ ರಭಸಕ್ಕೆ ಸೂರಿನ ಮೇಲಿನ ಕಾಗೆ ಹಾರಿಹೋಯಿತು.

"ಎಣ್ಣೆನೀರು ಕಣವ್ವ" ಅಂದ ಬೋರಲಿಂಗ. "ಎಷ್ಟು ಒಳ್ಳೇ ಕೂಸು ಅಂತೀಯ! ಕಣ್ಣಿಗೆ ಸೀಗೇಕಾಯಿ ಹೋದ್ರೂ ಅಳಲ್ಲ!"

ಬಾಬಾಜಾನ್ ಸ್ಕೂಟರ್ ಹತ್ತಿ ಓಡಿಬರಬೇಕಾಯಿತು. ಒಂದೊಂದೇ ತಿರುಪು ಬಿಚ್ಚಿದ. ಒಳಗಿನಿಂದ ನೊರೆನೀರು ಬಂತು. "ಇಪ್ಪತ್ತು ವರ್ಷದಿಂದ ರಿಪೇರಿ ಮಾಡ್ತಿದೀನಿ ಅಮ್ಮ" ಅಂದ. "ಇಷ್ಟು ಮಡಿಯಾಗಿರೋ ಮಿಷೀನು ನೋಡಿಲ್ಲ." ಒರೆಸಿದ, ಒಣಗಿಸಿದ, ಹೊಸ ಆಯಿಲ್ ಹಾಕಿದ, ದಾರ ಎಳೆದ. ಎಳೆದ. ಇನ್ನೊಂದು ಸಲ ಎಳೆದ. ಡುರ್‌ರ್‌ರ್! ನಿಂಗಾಜಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

ಹೊರಡುವಾಗ ಬಾಬಾಜಾನ್ ಹೇಳಿದ. "ಇದನ್ನ ಮನೆಯೊಳಗೆ ಮಾತ್ರ ಇಡಬೇಡಿ, ಹೊಗೆ ಪ್ರಾಣ ತೆಗೀತದೆ. ಹಿತ್ತಲಲ್ಲಿ ದೂರಕ್ಕೆ ಇಡಬೇಕು. ನಾಳೆ ಬಂದು ವೈರು ಎಳೀತೀನಿ. ಅಷ್ಟರಲ್ಲಿ ಒಂದು ಗುಂಡಿ ತೋಡ್ಸಿ ಉಪ್ಪು, ಇದ್ದಿಲು ಹಾಕ್ಸಿಡಿ. ಮಿಷೀನನ್ನ ಭೂಮಿಗೆ ಸೇರಿಸ್ಬೇಕು. ಇಲ್ದಿದ್ರೆ ಮುಟ್ಟಿದೋರಿಗೆ ಶಾಕ್ ಹೊಡೀತದೆ."

ನಿಂಗಾಜಮ್ಮ ಮಗನ ಕಿವಿ ಹಿಂಡಿದಳು. "ಇದು ಕೂಸಲ್ಲ! ಏನಲ್ಲ?"

"ಕೂಸಲ್ಲ ಕಣವ್ವ."

"ನಿನ್ನ ಬುದ್ಧಿ ಓಡಿಸ್ಬೇಡ. ಬಾಬಾಜಾನ್ ಏನು ಹೇಳಿದ್ರೋ ಅದನ್ನ ಒಂದಕ್ಷರ ಬಿಡದಂಗೆ ಮಾಡು!"

"ಆಗ್ಲಿ ಕಣವ್ವ!"

ಮಾರನೇ ದಿನ ಬೆಳಿಗ್ಗೆ ನಿಂಗಾಜಮ್ಮ ಡೈರಿಗೆ ಹಾಲು ಹಾಕಲು ಹೋದಳು. ಅಲ್ಲಿ ಸಾಲು ಉದ್ದ ಇತ್ತು, ಸ್ವಲ್ಪ ತಡವಾಯಿತು. ವಾಪಸು ಬಂದು ನೋಡುತ್ತಾಳೆ, ಮನೆ ಮುಂದೆ ಜನ. ಹಿತ್ತಲಲ್ಲಿ ಜನ. ಹೆಂಗಸರೆಲ್ಲ ತಲೆ ಮೇಲೆ ಸೆರಗೆಳೆದು ನಿಂತವ್ರೆ. ಸಿದ್ದೇವಮ್ಮ ಓಡಿಬಂದು ನಿಂಗಾಜಮ್ಮನನ್ನು ತಬ್ಬಿಕೊಂಡು ಹೋ ಅಂತ ಅತ್ತಳು.

"ಯಾರವ್ವ ಹೋದೋರು? ಒಂದು ಮಾತು ಹೇಳಬಾರದಾ?"

ನಿಂಗಾಜಮ್ಮ ನೋಡಿದಳು. ಹಿತ್ತಲ ನಡುವೆ ಹೊಸ ಮಣ್ಣಿನ ದಿಬ್ಬ. ಸುತ್ತ ಉಪ್ಪು ಚೆಲ್ಲಿದೆ. ದಿಬ್ಬದ ಮೇಲೆ ಚೆಂಡುಹೂವು. ಮನೆಯಲ್ಲಿ ಇದ್ದವರು ಇಬ್ಬರೇ. ಒಬ್ಬಳು ತಾನು. ಮತ್ತೊಬ್ಬ...

"ನನ್ ಮಗಾ!" ಅಂದಳು. ಹಾಲಿನ ಕ್ಯಾನು ಉರುಳಿಹೋಯಿತು. ದಿಬ್ಬದ ಮೇಲೆ ಬೋರಲು ಬಿದ್ದಳು. "ಅಯ್ಯೋ ನನ್ ಮಗಾ! ನಿನ್ನೆ ಕಿವಿ ಹಿಂಡಿದ್ನಲ್ಲಪ್ಪಾ! ಬಾಯಿಗೆ ಬಂದಂಗೆ ಬೈದ್ನಲ್ಲಪ್ಪಾ! ಒಂದಿನ ಎದುರಾಡ್ಲಿಲ್ವಲ್ಲೋ ನೀನು!"

"ಏನವ್ವಾ?" ಅಂತ ಯಾರೋ ಓಗೊಟ್ಟರು.

ದಿಬ್ಬದ ಆಚೆಯಿಂದ ಬೋರಲಿಂಗ ಎದ್ದುನಿಂತ. ಕೈಯಲ್ಲಿ ಗುದ್ದಲಿ. ಮೈಯೆಲ್ಲ ಮಣ್ಣು.

ಹೆಂಗಸರಲ್ಲಿ ಮೂವರು ಚೀರಿಕೊಂಡು ಓಡಿದರು. ನಿಂಗಾಜಮ್ಮ ಎದ್ದು ಮಗನ ಮುಖ ತಡವಿದಳು, ತೋಳು ತಡವಿದಳು, ಎದೆಗಪ್ಪಿಕೊಂಡು ಗಳಗಳ ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು. "ಮತ್ತೆ ಯಾರನ್ಲಾ ಮಣ್ಣು ಮಾಡಿರೋದು?"

"ಮಿಷೀನನ್ನ ಕಣವ್ವ. ಗುಂಡಿ ತೋಡು ಅಂದ್ರು, ತೋಡ್ದೆ. ಉಪ್ಪು ಹಾಕು ಅಂದ್ರು, ಹಾಕ್ದೆ. ಇದ್ದಿಲು ಹಾಕು ಅಂದ್ರು, ಹಾಕ್ದೆ. ಭೂಮಿಗೆ ಸೇರ್ಸು ಅಂದ್ರು, ಸೇರಿಸ್ದೆ. ಹೂವು ಮಾತ್ರ ನಾನಲ್ಲ, ಈ ಅಕ್ಕಯ್ಯನೋರು ಹಾಕಿದ್ದು."

ಅಪ್ಪಿಕೊಂಡಿದ್ದ ಕೈಯಲ್ಲೇ ಬೆನ್ನಿಗೆ ನಾಲ್ಕು ಬಿಟ್ಟಳು. "ಭೂಮಿಗೆ ಸೇರಿಸ್ಬೇಕಾಗಿದ್ದು ವೈರು ಕಣ್ಲಾ, ವೈರು! ಮಿಷೀನು ಯಾವತ್ತೂ ಮೇಲಿರಬೇಕು! ಮೇಲೆ! ಅದಕ್ಕೆ ಗಾಳಿ ಆಡಬೇಕು! ಈಗಲೇ ತೆಗೆದು ಮೇಲಿಡು!"

"ಆಗ್ಲಿ ಕಣವ್ವ!"

ಒಳಗೆ ಹೋಗಿ ಮೊಟ್ಟೆಗಳನ್ನು ನೋಡಿ, ಮುಖ ತೊಳೆದು ಬರುವಷ್ಟರಲ್ಲಿ ಬಾಬಾಜಾನ್ ವೈರಿನ ಸುರುಳಿ ಹೊತ್ತು ಬಂದ. "ಎಲ್ಲಮ್ಮ ಮಿಷೀನು?" ನಿಂಗಾಜಮ್ಮ ಹಿತ್ತಲೆಲ್ಲ ಹುಡುಕಿದಳು. ಗುಂಡಿ ಖಾಲಿ. ಜಗಲಿ ಖಾಲಿ. ಬಾಬಾಜಾನನ ಟೋಪಿಯ ಮೇಲೆ ತಟಕ್ ಅಂತ ಒಂದು ಹನಿ ಬಿತ್ತು. ಮುಟ್ಟಿ ಮೂಸಿ ನೋಡಿದ. ಪೆಟ್ರೋಲು! ಇಬ್ಬರೂ ತಲೆಯೆತ್ತಿದರು.

ಬೇವಿನ ಮರದ ತುತ್ತತುದಿಯ ಕೊಂಬೆಯಲ್ಲಿ ಕೆಂಪು ಜನರೇಟರ್ ತೂಗಾಡುತ್ತಿತ್ತು. ಅದರ ಕೆಳಗಿನ ಕೊಂಬೆಯಲ್ಲಿ ಬೋರಲಿಂಗ.

"ಗಾಳಿ ಭಾಳ ಚೆನ್ನಾಗಾಡ್ತೈತೆ ಕಣವ್ವ!"

ಬಾಬಾಜಾನ್ ಮರದ ಬುಡದಲ್ಲಿ ಕೂತುಬಿಟ್ಟ. ಆಮೇಲೆ ಎದ್ದು ಹಗ್ಗ ಕೇಳಿದ. ಅವತ್ತು ಆ ಮನುಷ್ಯ ಬೋರಲಿಂಗನ ಕೈಗೆ ಸುತ್ತಿಗೆಯನ್ನೂ ಕೊಡಲಿಲ್ಲ. ತಾನೇ ಮಿಷೀನು ಇಳಿಸಿದ, ತಾನೇ ಕಲ್ಲುಚಪ್ಪಡಿ ಹಾಕಿದ, ತಗಡಿನ ಸೂರು ಕಟ್ಟಿದ, ಗುಂಡಿಗೆ ವೈರು ಇಳಿಸಿದ, ಮನೆಗೆ ವೈರು ಎಳೆದ, ಗೋಡೆಗೆ ಸ್ವಿಚ್ಚು ಕೂರಿಸಿದ. ಸಂಜೆಗೆ ಎಲ್ಲಾ ಸರಿಹೋಯಿತು.

ನಾಲ್ಕು ದಿನ ನಿಂಗಾಜಮ್ಮನೇ ಜನರೇಟರ್ ನಡೆಸಿದಳು. ಮಗನನ್ನು ಹತ್ತಿರ ಬಿಡಲಿಲ್ಲ. ಕರೆಂಟು ಹೋದರೆ ಡುರ್‌ರ್‌ರ್, ಬಂದರೆ ಟಪ್. ಮೊಟ್ಟೆಗಳು ಬೆಚ್ಚಗಿದ್ದವು.

ಇಪ್ಪತ್ತನೇ ದಿನ ಬೆಳಿಗ್ಗೆ ಫೋನು ಬಂತು. ಪಕ್ಕದೂರಿನಲ್ಲಿದ್ದ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಾಳೆ. ಹೋಗದೆ ಇರುವ ಹಾಗಿಲ್ಲ. ಮೊಟ್ಟೆ ಬಿಟ್ಟು ಹೋಗುವ ಹಾಗೂ ಇಲ್ಲ, ನಾಳೆ ಮೊಟ್ಟೆ ಒಡೆದು ಮರಿ ಬರಬೇಕು! ನಿಂಗಾಜಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಏನು ಹೇಳಬೇಕು, ಹೇಗೆ ಹೇಳಬೇಕು ಅಂತ ಮನಸ್ಸಿನಲ್ಲೇ ಹತ್ತು ಸಲ ಅಳೆದು ತೂಗಿದಳು.

"ಕರೆಂಟು ಹೋದ್ ತಕ್ಷಣ ದಾರ ಎಳೆದು ಶುರು ಮಾಡು. ಕರೆಂಟು ಬಂದ ತಕ್ಷಣ ನಿಲ್ಲಿಸು. ಅಷ್ಟೇ. ಹೇಳು ನೋಡಾನ."

"ಹೋದ್ರೆ ಶುರು. ಬಂದ್ರೆ ನಿಲ್ಸು."

ಮೂರು ಸಲ ಹೇಳಿಸಿದಳು. ಮೂರು ಸಲವೂ ಸರಿಯಾಗಿ ಹೇಳಿದ. ಇದರಲ್ಲಿ ತಪ್ಪಲು ಏನೂ ಇಲ್ಲ ಅಂತ ಬಸ್ಸು ಹತ್ತಿದಳು.

ಅಕ್ಕನಿಗೆ ಕಟ್ಟು ಹಾಕಿಸಿ ಮೂರು ಗಂಟೆಯ ಬಸ್ಸಿಗೆ ತಿರುಗಿ ಬಂದಳು. ಬೀದಿ ತಿರುವಿನಲ್ಲೇ ಸದ್ದು ಕೇಳಿತು. ಡುರ್‌ರ್‌ರ್, ಟಪ್. ಡುರ್‌ರ್‌ರ್, ಟಪ್. ಇದೇನಿದು? ನಡೆಯುತ್ತಿದ್ದವಳು ಓಡಿದಳು. ಹಿತ್ತಲಲ್ಲಿ ಬೋರಲಿಂಗ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬೆವತುಹೋಗಿದ್ದ. ದಾರ ಎಳೆದು ಎಳೆದು ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ದಾರ ಎಳೆದ, ಡುರ್‌ರ್‌ರ್. ಕಿಟಕಿಯಲ್ಲಿ ಇಣುಕಿದ, ಬಲ್ಬು ಹತ್ತಿತ್ತು. "ಬಂತು!" ಅಂತ ಓಡಿ ನಿಲ್ಲಿಸಿದ, ಟಪ್. ಬಲ್ಬು ಆರಿತು. "ಹೋಯ್ತು!" ಅಂತ ದಾರ ಎಳೆದ, ಡುರ್‌ರ್‌ರ್.

"ಏನ್ಲಾ ಮಾಡ್ತಿದೀಯಾ!"

"ಅವ್ವಾ, ಈ ಕರೆಂಟಿಗೆ ಮರ್ಯಾದೆ ಇಲ್ಲ ಕಣವ್ವ!" ಬೋರಲಿಂಗನಿಗೆ ಅಳುವೇ ಬಂದಿತ್ತು. "ಒಂಬತ್ತು ಗಂಟೆಯಿಂದ ಹೋಗ್ತದೆ, ಬತ್ತದೆ! ಹೋಗ್ತದೆ, ಬತ್ತದೆ! ನಾನು ನಿಲ್ಸೋದನ್ನೇ ಕಾಯ್ತಿರ್ತದೆ ಹಾಳಾದ್ದು! ಮುನ್ನೂರ ಹನ್ನೆರಡು ಸಲ ಆಯ್ತು. ಒಂದ್ ಸಲಾನೂ ಬಿಡ್ಲಿಲ್ಲ ಕಣವ್ವ, ನೀನ್ ಹೇಳ್ದಂಗೇ ಮಾಡ್ದೆ!"

ನಿಂಗಾಜಮ್ಮನಿಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬಲ್ಬು ಹತ್ತಿಸುತ್ತಿದ್ದದ್ದು ಜನರೇಟರೇ! ಆರು ಗಂಟೆ ಹೊತ್ತು! ಮೊಟ್ಟೆಗಳು! ಇಪ್ಪತ್ತು ಮನೆ! ಎದ್ದೆನೋ ಬಿದ್ದೆನೋ ಅಂತ ಒಳಗೆ ಓಡಿ ಕಾವಿನ ಪೆಟ್ಟಿಗೆಗೆ ಕೈಯಿಟ್ಟಳು.

ಬೆಚ್ಚಗಿತ್ತು.

ಕಿವಿಯಿಟ್ಟಳು. ಟಿಕ್. ಟಿಕ್. ಆಮೇಲೆ ಸಣ್ಣಗೆ, ಎಲ್ಲೋ ಆಳದಲ್ಲಿ, ಚಿಂವ್.

ಆರಲು ಬಿಡದೆ, ಬಿಸಿಯೇರಲೂ ಬಿಡದೆ, ಬೊಬ್ಬೆ ಬಂದ ಆ ಕೈಯೇ ಮುನ್ನೂರ ಹನ್ನೆರಡು ಸಲ ಕಾವು ಕೊಟ್ಟಿತ್ತು. ನಿಂಗಾಜಮ್ಮ ಪೆಟ್ಟಿಗೆ ಪಕ್ಕದಲ್ಲೇ ಕುಸಿದು ಕೂತಳು. ಬೈಯೋಣ ಅಂದರೆ ನಗು ಬಂತು. ನಗೋಣ ಅಂದರೆ ಅಳು ಬಂತು. ಮಗನ ಅಂಗೈ ಹಿಡಿದು ಬೆಣ್ಣೆ ಹಚ್ಚಿದಳು. "ಈಗ ಶುರು ಮಾಡಿಬಿಡು ಮಗ. ನಾನು ಹೇಳೋತನಕ ನಿಲ್ಲಿಸ್ಬೇಡ."

ಮಾರನೇ ದಿನ ಬಿಸಿಲೇರುವ ಹೊತ್ತಿಗೆ ಪೆಟ್ಟಿಗೆ ತುಂಬ ಮರಿ. ಇನ್ನೂರ ಹದಿನಾರು! ಹಳದಿ, ಕಪ್ಪು, ಚುಕ್ಕೆ, ಕಂದು. ನಿಂಗಾಜಮ್ಮ ಒಂದೊಂದನ್ನೂ ಎಣಿಸಿದಳು, ಎಣಿಸಿದ್ದನ್ನು ಮರೆತಳು, ಮತ್ತೆ ಎಣಿಸಿದಳು. ಖುಷಿಗೆ ಏನು ಮಾಡಬೇಕು ಅಂತ ತಿಳಿಯದೆ ಅರಿಶಿನ ಕುಂಕುಮ ತಂದು ಜನರೇಟರಿಗೆ ಇಟ್ಟಳು.

"ಈ ಮರಿಗಳಿಗೆಲ್ಲ ಇದೇ ತಾಯಿ ಕಣ್ಲಾ!" ಅಂದಳು. "ಹೆತ್ತ ತಾಯಿ! ತಾಯಿನೂ ಮರಿಗಳನ್ನೂ ಚೆನ್ನಾಗಿ ನೋಡ್ಕೊಂಡಿರು. ನಾನು ಇಪ್ಪತ್ತು ಮನೆಗೂ ಹೇಳಿ ಬತ್ತೀನಿ."

ಯಾರಿಗೆ ಹೇಳುತ್ತಿದ್ದೇನೆ ಅನ್ನೋದನ್ನು ಆ ಖುಷಿಯಲ್ಲಿ ಮರೆತಿದ್ದಳು ನೋಡಿ, ಪಾಪ.

"ಆಗ್ಲಿ ಕಣವ್ವ!" ಅಂದ ಬೋರಲಿಂಗ.

ನಿಂಗಾಜಮ್ಮ ಮನೆಮನೆಗೆ ಹೋದಳು, ಹೋದಲ್ಲೆಲ್ಲ ಎಲೆಯಡಿಕೆ ಹಾಕಿಸಿಕೊಂಡಳು. ಕೊನೆಗೆ ಮರಿ ತುಂಬಿಕೊಳ್ಳಲು ಕೈಯಲ್ಲಿ ಒಂದೊಂದು ಕುಕ್ಕೆ ಹಿಡಿದ ಇಪ್ಪತ್ತು ಹೆಂಗಸರನ್ನು ಹಿಂದಿಟ್ಟುಕೊಂಡು ಮೆರವಣಿಗೆಯ ಹಾಗೆ ಮನೆಗೆ ಬಂದಳು. "ನೋಡ್ಕಳಿ, ಕಣ್ತುಂಬ ನೋಡ್ಕಳಿ!" ಅಂತ ಪೆಟ್ಟಿಗೆಯ ಬಾಗಿಲು ತೆಗೆದಳು.

ಒಡೆದ ಚಿಪ್ಪು. ಬರೀ ಚಿಪ್ಪು.

ಇಪ್ಪತ್ತು ಕುಕ್ಕೆ ಗಾಳಿಯಲ್ಲಿ ಹಾಗೇ ನಿಂತವು. ನಿಂಗಾಜಮ್ಮ ಹಿತ್ತಲಿಗೆ ಓಡಿದಳು. ತಗಡಿನ ಸೂರಿದೆ, ಕಲ್ಲುಚಪ್ಪಡಿಯಿದೆ, ಜನರೇಟರ್ ಇಲ್ಲ! ಬಿಚ್ಚಿದ ವೈರು ನೆಲದ ಮೇಲೆ ಬಿದ್ದಿತ್ತು.

ಆಗ ಕೇಳಿತು. ಕೆರೆ ಏರಿಯ ಕಡೆಯಿಂದ. ಡುರ್‌ರ್‌ರ್‌ರ್‌ರ್.

ಎಲ್ಲರೂ ಓಡಿದರು. ಏರಿಯ ಮೇಲೆ ಬೋರಲಿಂಗ ಬರುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜನರೇಟರನ್ನು ಗಾಲಿಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಕುಂಕುಮ ಹಚ್ಚಿಕೊಂಡ ಜನರೇಟರ್ ಡುರ್‌ರ್ ಅನ್ನುತ್ತಿತ್ತು. ಅದರ ಹಿಂದೆ, ಒಂದೂ ತಪ್ಪದೆ, ಸಾಲು ಬಿಡದೆ, ಇನ್ನೂರ ಹದಿನಾರು ಮರಿಗಳು ಚಿಂವ್ ಚಿಂವ್ ಅನ್ನುತ್ತಾ ಓಡೋಡಿ ಬರುತ್ತಿದ್ದವು! ಚಿಪ್ಪಿನೊಳಗೆ ಇದ್ದಾಗಿನಿಂದ ಅವು ಕೇಳಿದ್ದು ಆ ಸದ್ದೊಂದನ್ನೇ ಅಲ್ಲವೇ? ತಾಯಿ ಕರೆದ ಕಡೆಗೆ ಹೊರಟಿದ್ದವು.

ಬೋರಲಿಂಗ ಹೊಂಗೆ ಮರದ ನೆರಳಿಗೆ ಬಂದು ನಿಂತ. ಜನರೇಟರನ್ನು ನಿಲ್ಲಿಸಿದ. ಮರಿಗಳೆಲ್ಲ ಅದರ ಬಿಸಿ ಮೈಯ ಸುತ್ತ ನುಗ್ಗಿ ಒತ್ತೊತ್ತಿಕೊಂಡು ಕೂತವು. ಬೋರಲಿಂಗ ಒಂದು ಹಿಡಿ ಒಣಹುಲ್ಲು ತಂದು ಜನರೇಟರಿನ ಹಿಂದೆ ಹಾಸಿದ. ಹುಲ್ಲಿನ ಮೇಲೆ ಒಂದು ಬುಟ್ಟಿ ಇಟ್ಟ. ಬುಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಚಾಚಿ, ಹೊಗೆ ಬರುವ ಕೊಳವೆಯನ್ನೇ ದಿಟ್ಟಿಸಿ ನೋಡತೊಡಗಿದ.

ಇಪ್ಪತ್ತು ಹೆಂಗಸರ ಬಾಯಿ ತೆರೆದದ್ದು ತೆರೆದೇ ಇತ್ತು. ನಿಂಗಾಜಮ್ಮ ಒಂದು ಹೆಜ್ಜೆ ಮುಂದಿಟ್ಟಳು.

"ಏನ್ಲಾ... ಏನ್ಲಾ ಕಾಯ್ತಾ ಇದೀಯಾ?"

ಬೋರಲಿಂಗ ತುಟಿಯ ಮೇಲೆ ಬೆರಳಿಟ್ಟ.

"ಶ್! ಮೆಲ್ಲಗೆ ಕಣವ್ವ. ಮೊಟ್ಟೆ ಇಡೋ ಹೊತ್ತು!"